ನ್ಯೂಟನ್ ಸಾಹೇಬರು ಡಿಸ್ಕೌಂಟ್ ಕೊಡುವುದಿಲ್ಲ

ಬಳ್ಳಾರಿಯಿಂದ ಕೊಪ್ಪಳಕ್ಕೆ ಬಾಡಿಗೆ ಕಾರು. ಡ್ರೈವರ್ ಪಕ್ಕ ಕೂತು ಬೆಲ್ಟ್ ಎಳೆದೆ, ಸಿಗಿಸೋಣ ಅಂದರೆ ಜಾಗವೇ ಇಲ್ಲ. ಬಕಲ್ ಒಳಗೆ ಆಗಲೇ ಒಂದು ಕೊಂಡಿ ಕೂತಿದೆ. ಬೆಲ್ಟ್ ಇಲ್ಲದ ಬರೀ ಕೊಂಡಿ, ಬೆಳ್ಳಿ ಬಣ್ಣದ್ದು, ಮೇಲೆ ಕಂಪನಿ ಗುರುತು ಬೇರೆ. "ಅದನ್ನ ತೆಗೀಬ್ಯಾಡ್ರಿ ಸರ, ಪೀಂ ಪೀಂ ಅಂತ ತಲಿ ತಿಂತೈತಿ" ಅಂದ ಡ್ರೈವರ್. ನಾನು ಬೆಲ್ಟ್ ಹಾಕಿಕೊಂಡರೆ ಅದು ಬಡಕೊಳ್ಳುವುದಿಲ್ಲ ಮಾರಾಯಾ ಅಂದೆ. ಅವನ ಮುಖ ಸಣ್ಣದಾಯಿತು. "ನಮ್ ಡ್ರೈವಿಂಗ್ ಮ್ಯಾಲ ನಂಬಿಕಿ ಇಲ್ಲೇನ್ರಿ?"

ಸ್ವಲ್ಪ ಯೋಚನೆ ಮಾಡಿ. ಬೆಲ್ಟಿಗೆ ಕಾರು ತಗೊಂಡಾಗಲೇ ದುಡ್ಡು ಕೊಟ್ಟಾಗಿದೆ. ಅದನ್ನು ಹಾಕಿಕೊಳ್ಳದೇ ಇರೋದಕ್ಕೆ ಮತ್ತೆ ದುಡ್ಡು ಕೊಟ್ಟು ಇನ್ನೊಂದು ಸಾಮಾನು ತರುತ್ತೇವೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಕಂಪನಿಗಳಿಗೆ ಇದನ್ನು ಮಾರಬೇಡಿ ಅಂತ ಆದೇಶ ಹೊರಡಿಸಿತು. 13 ಸಾವಿರಕ್ಕೂ ಜಾಸ್ತಿ ಕಡೆ ಮಾರಾಟಕ್ಕಿಟ್ಟಿದ್ದನ್ನು ತೆಗೆಸಿತು. ನನಗೆ ತುಂಬಾ ಹಿಡಿಸಿದ್ದು ಬೇರೆ ಸಂಗತಿ. ಕೆಲವು ವ್ಯಾಪಾರಿಗಳು ಇದನ್ನೇ ಬಾಟಲಿ ಓಪನರ್, ಸಿಗರೇಟ್ ಲೈಟರ್ ಅಂತ ಹೆಸರಿಟ್ಟು ಮಾರುತ್ತಿದ್ದರಂತೆ! ಗಾಡಿ ಓಡಿಸುವವನ ಕೈಗೆ ಬಾಟಲಿ ಓಪನರ್ ಕೊಟ್ಟು, ಅದರಿಂದಲೇ ಬೆಲ್ಟಿನ ಬಾಯಿ ಮುಚ್ಚಿಸುವುದು. ಒಂದೇ ಕಲ್ಲಿಗೆ ಎರಡು ಹಕ್ಕಿ, ಮೂರನೆಯದು ಸೀಟಿನಲ್ಲೇ ಕೂತಿದೆ.

ಈ ಮೂರು ಕಡೆ ಹಿಡಿಯುವ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯಲ್ಲಿ ಮಾಡಿದವನು ನಿಲ್ಸ್ ಬೋಲಿನ್. ಅದಕ್ಕೂ ಮೊದಲು ಅವನ ಕೆಲಸ ವಿಮಾನದಿಂದ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಸೀಟು ಮಾಡುವುದು. ಮನುಷ್ಯನನ್ನು ಹೊರಗೆ ಎಸೆಯೋದು ಹೇಗೆ ಅಂತ ಚೆನ್ನಾಗಿ ಗೊತ್ತಿದ್ದವನು ಒಳಗೆ ಹಿಡಿದಿಡೋದು ಹೇಗೆ ಅಂತ ಕೂತು ಯೋಚಿಸಿದ. ಕಂಪನಿ ಆ ಪೇಟೆಂಟನ್ನು ಬೇರೆಯವರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಅನ್ನೋದು ಇದಕ್ಕೇ ಇರಬೇಕು.

ನಮ್ಮಲ್ಲಿ ಬೆಲ್ಟ್ ಇರುವುದು ಪೊಲೀಸರಿಗೆ. ಸರ್ಕಲ್ ಹತ್ತಿರ ಬರುತ್ತಿದ್ದಂತೆ ಎಳೆದು ಹೆಗಲ ಮೇಲೆ ಹಾಕಿಕೊಳ್ಳುವುದು, ಲಾಕ್ ಮಾಡುವಂತಿಲ್ಲ, ಕೈಯಲ್ಲೇ ಹಿಡಿದುಕೊಳ್ಳುವುದು, ಸರ್ಕಲ್ ದಾಟಿದ ಮೇಲೆ ಬಿಡುವುದು. ಸರ್ಕಾರವೂ ಈ ವಿಷಯದಲ್ಲಿ ನಮ್ಮ ಜೊತೆಗೇ ಇದೆ. ಬೆಲ್ಟ್ ಹಾಕದಿದ್ದರೆ 1000 ರೂಪಾಯಿ ಅಂತ ಕೇಂದ್ರದ ಕಾಯ್ದೆ ಹೇಳಿದರೆ, ನಮ್ಮವರು 2019ರಲ್ಲೇ ಅದನ್ನು 500ಕ್ಕೆ ಇಳಿಸಿದರು. 2023ರ ಫೆಬ್ರವರಿಯಲ್ಲಿ ಬಾಕಿ ಇದ್ದ ದಂಡಕ್ಕೆ ಶೇಕಡಾ 50 ರಿಯಾಯಿತಿ ಬಂತು. ಅಲ್ಲಿಗೆ 250. ಜನ ಸಾಲಿನಲ್ಲಿ ನಿಂತು ಕಟ್ಟಿದರು, ಹಬ್ಬದ ಸೇಲ್ ಅಲ್ವಾ.

ನ್ಯೂಟನ್ ಸಾಹೇಬರ ಆಫೀಸಿನಲ್ಲೂ ಶೇಕಡಾ 50 ರಿಯಾಯಿತಿ ಇದೆ. ಷರತ್ತು ಸ್ವಲ್ಪ ಕಷ್ಟ, ಅಷ್ಟೇ. ಓಡುವ ಗಾಡಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. 80ರಲ್ಲಿ ಹೋಗುತ್ತಿರುವವನಿಗೆ ಹೊಡೆತದಲ್ಲಿ ಅರ್ಧ ಮಾಫಿ ಬೇಕಿದ್ದರೆ 57ಕ್ಕೆ ಇಳಿಯಬೇಕು. ತೋರಣಗಲ್ಲು ದಾಟುವಾಗ ಅದಿರಿನ ಲಾರಿಯನ್ನು ಎಡಗಡೆಯಿಂದ ಓವರ್‌ಟೇಕ್ ಮಾಡುತ್ತಿದ್ದ ನಮ್ಮ ಡ್ರೈವರ್‌ಗೆ ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಅವನ ಒಂದು ಕೈಯಲ್ಲಿ ಫೋನ್ ಇತ್ತು.

ಹಿಂದೆ ಕೂತವರಿಗೆ ಇದು ಯಾವುದೂ ಅನ್ವಯಿಸುವುದಿಲ್ಲ ಅಂತ ಒಂದು ನಂಬಿಕೆ ಇದೆ. ಹಿಂದಿನ ಸೀಟು ಅಂದರೆ ಸಾಹುಕಾರರ ಸೀಟು, ಬೆಲ್ಟ್ ಕಟ್ಟಿಕೊಂಡರೆ ಮರ್ಯಾದೆ ಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಟಾಟಾ ಸನ್ಸ್ ಕಂಪನಿಯ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ತೀರಿಕೊಂಡದ್ದು ಬೆಂಜ್ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಒಂದು ವಾರ ಟೀವಿಯಲ್ಲಿ ಅದೇ ಚರ್ಚೆ, ಆಮೇಲೆ ಎಲ್ಲರೂ ಮರೆತರು. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ನಾಲ್ಕು ಅಂತಸ್ತಿನ ಮಾಳಿಗೆ ಮೇಲಿಂದ ಬಿದ್ದವನು ನೆಲ ಮುಟ್ಟುವಾಗ ಹೆಚ್ಚು ಕಡಿಮೆ ಅದೇ ವೇಗದಲ್ಲಿರುತ್ತಾನೆ. ಕಾರು ಗುದ್ದಿ ನಿಂತಿತು, ಆದರೆ ನೀವು ನಿಂತಿಲ್ಲ, ಅದೇ ವೇಗದಲ್ಲಿ ಮುಂದೆ ಹೋಗುತ್ತಿದ್ದೀರಿ. ಎದುರಿಗೆ ಇರುವುದು ಮುಂದಿನ ಸೀಟು, ಅದರಲ್ಲಿ ನಿಮ್ಮ ಮನೆಯವರು.

ಮುಂದಿನ ಸೀಟಿನಲ್ಲಿ ತಾಯಿ, ತೊಡೆ ಮೇಲೆ ಕೂಸು. "ನಾ ಗಟ್ಟಿ ಹಿಡ್ಕೊಂಡೀನಲ್ರಿ." ಹತ್ತು ಕೆಜಿಯ ಕೂಸು, ಗಾಡಿ 50ರಲ್ಲಿ, ಗುದ್ದಿ ನಿಲ್ಲೋಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಆ ಕ್ಷಣದಲ್ಲಿ ಕೂಸನ್ನು ಹಿಡಿದಿಡಲು ಬೇಕಾಗುವ ಬಲ ಸುಮಾರು 140 ಕೆಜಿ ಎತ್ತುವಷ್ಟು. ಗಂಗಾವತಿ ಕಡೆಯ 75 ಕೆಜಿ ಭತ್ತದ ಚೀಲ ಹತ್ತಿರ ಹತ್ತಿರ ಎರಡು. ಹಮಾಲರೂ ಒಂದೊಂದೇ ಹೊರುತ್ತಾರೆ, ಅದೂ ಮೊದಲೇ ಹೇಳಿದರೆ.

ಇನ್ನು ಕ್ರಾಶ್ ಗಾರ್ಡ್. ಗಾಡಿಯ ಮುಂದೆ ಕಬ್ಬಿಣದ ಪೈಪು, ಗಾಜಿನ ಮೇಲೆ ನಾಯಕರ ಸ್ಟಿಕ್ಕರ್. 1950ರ ದಶಕದಲ್ಲಿ ಬೆಂಜ್ ಕಂಪನಿಯ ಬೇಲಾ ಬರೇನಿ ಅನ್ನುವ ಎಂಜಿನಿಯರ್ ಗಾಡಿಯ ಮೂತಿ ಮೆತ್ತಗಿರಬೇಕು, ಗುದ್ದಿದಾಗ ಅದು ಮುದುರಿ ಹೊಡೆತ ನುಂಗಬೇಕು, ಜನ ಕೂರುವ ಜಾಗ ಮಾತ್ರ ಗಟ್ಟಿ ಇರಬೇಕು ಅಂತ ಹೇಳಿಕೊಟ್ಟ. ನಾವು ಆ ಮೂತಿಗೆ ಚಾಸಿಯಿಂದಲೇ ಬೋಲ್ಟ್ ಹಾಕಿ ಪೈಪು ಬಿಗಿಯುತ್ತೇವೆ. ಹೊಡೆತ ಪೈಪಿನ ಮೂಲಕ ಸೀದಾ ಒಳಗೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದು ಕಾನೂನಿಗೆ ವಿರುದ್ಧ ಅಂತ ರಾಜ್ಯಗಳಿಗೆ ಬರೆಯಿತು. ಹಿರಿಯರದ್ದು ಬೇರೆ ರಾಗ: "ಅಂಬಾಸಿಡರ್ ಇತ್ತು ನೋಡಪಾ ಗಾಡಿ ಅಂದ್ರ, ಈಗಿನವು ಬರೇ ತಗಡು." ಹೌದಜ್ಜಾ, ಗಾಡಿಗೆ ಏನೂ ಆಗುತ್ತಿರಲಿಲ್ಲ. ಒಳಗಿದ್ದವರನ್ನು ಕೇಳೋಣ ಅಂದರೆ ಅವರಿಲ್ಲ.

ರಸ್ತೆ ವಿಷಯಕ್ಕೆ ಬಂದರೆ, ನಮ್ಮ ಕಡೆ ರಸ್ತೆ ಇರುವುದು ರಾಶಿ ಮಾಡೋಕೆ. ಕುಷ್ಟಗಿ ಇರಲಿ, ಲಿಂಗಸುಗೂರು ಇರಲಿ, ಸುಗ್ಗಿ ಬಂತೆಂದರೆ ಅರ್ಧ ರಸ್ತೆ ಸಜ್ಜೆ, ಅರ್ಧ ಹುರುಳಿ. ಡಾಂಬರಿಗೆ ಟೈರು ಕಚ್ಚಿಕೊಂಡರೆ ತಾನೇ ಬ್ರೇಕು? ಒಣ ರಸ್ತೆಯಲ್ಲಿ 60ರಲ್ಲಿ ಬ್ರೇಕ್ ಒತ್ತಿದರೆ ಸುಮಾರು 20 ಮೀಟರಿಗೆ ನಿಲ್ಲುವ ಗಾಡಿ, ಹೊಟ್ಟಿನ ಮೇಲೆ ಹಿಡಿತ ಅರ್ಧ ಆದರೆ 40 ಮೀಟರ್ ಹೋಗುತ್ತದೆ. ರೈತರನ್ನು ಬೈಯೋಕೆ ಮನಸ್ಸು ಬರುವುದಿಲ್ಲ. ಊರ ಹತ್ತಿರದ ಕಣಗಳೆಲ್ಲ ಪ್ಲಾಟಾಗಿವೆ. ಆದರೆ ರಾಶಿ ಸುತ್ತ ಕಾವಲಿಗಿಟ್ಟ ಕಲ್ಲು ಇವೆಯಲ್ಲ, ಕಾಳು ಮನೆ ಸೇರಿದ ಮೇಲೂ ಅವು ಅಲ್ಲೇ ಇರುತ್ತವೆ. ಕೆಟ್ಟು ನಿಂತ ಲಾರಿಯವರೂ ಅಷ್ಟೇ. ಹಿಂದೆ ನಾಲ್ಕು ಕಲ್ಲು, ಒಂದು ಬೇವಿನ ಟೊಂಗಿ. ಲಾರಿ ರಿಪೇರಿಯಾಗಿ ಚೆನ್ನೈ ಮುಟ್ಟಿರುತ್ತದೆ, ಕಲ್ಲು ಮಾತ್ರ ಕತ್ತಲಲ್ಲಿ ಬೈಕಿನವನಿಗೆ ಕಾಯುತ್ತಿರುತ್ತದೆ. ಲಾರಿ ಅಲ್ಲೇ ಇದ್ದರೆ ಇನ್ನೂ ಕೇಡು. ಕಾರಿನ ಮೆತ್ತನೆ ಮೂತಿ ಲಾರಿ ಕೆಳಗೆ ನುಗ್ಗಿಬಿಡುತ್ತದೆ. ಮೊದಲು ಗುದ್ದುವುದು ಮುಂದಿನ ಗಾಜು, ಅಂದರೆ ನಿಮ್ಮ ತಲೆ. ಅದನ್ನು ತಡೆಯೋಕೆ ಲಾರಿ ಹಿಂದೆ ಒಂದು ಅಡ್ಡಪಟ್ಟಿ ಇರಬೇಕು ಅಂತ ನಿಯಮ ಇದೆ. ಹೆದ್ದಾರಿಯಲ್ಲಿ ಹೋಗುವಾಗ ಒಮ್ಮೆ ನೋಡಿ, ಎಷ್ಟು ಪಟ್ಟಿ ನೆಟ್ಟಗಿವೆ ಅಂತ.

ಇಲ್ಲಿಯವರೆಗೆ ನಕ್ಕಿದ್ದಾಯಿತು. 2025ರ ಜನವರಿ 22 ನಿಮಗೆಲ್ಲ ನೆನಪಿದೆ. ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಲಾರಿಯಲ್ಲಿ ಹೊರಟವರಲ್ಲಿ 10 ಜನ ಯಲ್ಲಾಪುರದ ಹತ್ತಿರ ಸತ್ತರು. ಅದೇ ಹೊತ್ತಿಗೆ ಇಲ್ಲಿ ಸಿಂಧನೂರಿನ ಹತ್ತಿರ ಮಂತ್ರಾಲಯದ ವಿದ್ಯಾರ್ಥಿಗಳಿದ್ದ ಕ್ರೂಸರ್ ಪಲ್ಟಿಯಾಗಿ ನಾಲ್ವರು. ಎರಡೂ ರಸ್ತೆ ಸುರಕ್ಷತಾ ಮಾಸದಲ್ಲಿ. ಆ ತಿಂಗಳು ಎಲ್ಲೆಲ್ಲೂ ಬ್ಯಾನರ್, ಜಾಥಾ, ಪ್ರಮಾಣವಚನ.

ಸುರಕ್ಷತೆ ಬಗ್ಗೆ ಭಾಷಣ ಮಾಡುವವರು ಮಾನ್ವಿ ಕಡೆ ಹತ್ತಿ ಬಿಡಿಸೋಕೆ ಹೋಗುವ ಹೆಣ್ಣುಮಕ್ಕಳನ್ನು ಬೆಳಿಗ್ಗೆ ಒಮ್ಮೆ ನೋಡಲಿ. ಟಂಟಂ ಒಳಗೆ ಜಾಗ ಇಲ್ಲದೆ ಮೇಲೂ ಕೂತಿರುತ್ತಾರೆ. ಭಾರ ಮೇಲಕ್ಕೆ ಹೋದಷ್ಟೂ ಗಾಡಿ ಮಗುಚೋದು ಸುಲಭ. ಮುಂದೆ ಒಂದೇ ಗಾಲಿ ಇರುವ ಗಾಡಿಗೆ ತಿರುವಿನಲ್ಲಿ ಬ್ರೇಕ್ ಹಾಕಿದರೆ ಇನ್ನೂ ಸುಲಭ. ಇದು ಅವರಿಗೆ ಗೊತ್ತಿಲ್ಲ ಅಂದುಕೊಂಡಿರಾ? ಮೇಲೆ ಕೂತವರಿಗೆ ಗಾಡಿ ವಾಲುವುದು ದಿನಾ ಗೊತ್ತಾಗುತ್ತದೆ. ಅವರಿಗೆ ಬೆಲ್ಟ್ ಹಾಕಿಕೊಳ್ಳಿ ಅಂತ ಹೇಗೆ ಹೇಳೋದು, ಸೀಟೇ ಇಲ್ಲವಲ್ಲ. ಆರು ಗಂಟೆಗೆ ಒಂದು ಬಸ್ ಬಿಡಿ ಅಂದರೆ ಆ ರೂಟಿನಲ್ಲಿ ಲಾಸ್ ಅನ್ನುತ್ತಾರೆ. ಹೆಣ ಬಿದ್ದ ಸಂಜೆ ಪರಿಹಾರ ಘೋಷಿಸುವಾಗ ಯಾರಿಗೂ ಲಾಸ್ ನೆನಪಾಗುವುದಿಲ್ಲ. ಅದೇ ಊರಿನ ಜನರನ್ನು ಸಮಾವೇಶಕ್ಕೆ ತುಂಬಿಕೊಂಡು ಹೋಗೋಕೆ ಮಾತ್ರ ಬಸ್ಸುಗಳು ಎಲ್ಲಿಂದಲೋ ಬರುತ್ತವೆ, ಸಾಲುಸಾಲಾಗಿ, ಹೇಳಿದ ಟೈಮಿಗೆ, ಊಟದ ಪೊಟ್ಟಣದ ಸಮೇತ.