ಡಾಲರಿಗೆ ವಧುಪರೀಕ್ಷೆ

ಬ್ಯೂನಸ್ ಐರಿಸ್‌ಗೆ ಹೋಗಿ ಬಂದೆವು ಅಂದರೆ ಸಾಕು, ಟ್ಯಾಂಗೋ ಕುಣಿತ ನೋಡಿದ್ರಾ ಅಂತ ಕೇಳುತ್ತಾರೆ. ನೋಡಿದೆವು. ಆದರೆ ಅದಕ್ಕಿಂತ ಜಾಸ್ತಿ ಹೊತ್ತು ನಾವು ಗಂಡ ಹೆಂಡತಿ ಹೋಟೆಲ್ ಮಂಚದ ಮೇಲೆ ಕೂತು, ಮದುವೆ ಛತ್ರದಲ್ಲಿ ಮುಯ್ಯಿ ಎಣಿಸುವವರ ಹಾಗೆ ನೋಟು ಎಣಿಸಿದೆವು.

ಅದು 2022ರ ಅಕ್ಟೋಬರ್ ಕೊನೆ. ಅರ್ಜೆಂಟೀನಾ ಸರ್ಕಾರದ ಲೆಕ್ಕದಲ್ಲಿ ಒಂದು ಡಾಲರಿಗೆ ಸುಮಾರು 160 ಪೆಸೊ. ಬೀದಿಯಲ್ಲಿ ಅದೇ ಡಾಲರಿಗೆ ಹತ್ತಿರ ಹತ್ತಿರ 290. ಮೊದಲ ಸಂಜೆ ನಾನು ಶೋಕಿಗೆ ಕಾರ್ಡ್ ಉಜ್ಜಿ ಊಟ ಮಾಡಿಸಿದೆ. ಸರ್ಕಾರಿ ರೇಟು ಬಿತ್ತು. ಹೆಂಡತಿ ಲೆಕ್ಕ ಹಾಕಿ, "ರೀ, ಇಬ್ಬರು ತಿಂದು ನಾಲ್ಕು ಜನರ ದುಡ್ಡು ಕೊಟ್ಟಿದ್ದೀರಿ" ಅಂದಳು. ಆಮೇಲೆ ರಜೆ ಮುಗಿಯುವವರೆಗೂ ಕಾರ್ಡು ಅವಳ ಬ್ಯಾಗಿನಲ್ಲೇ ಇತ್ತು.

ಬೀದಿ ರೇಟಿಗೆ ಅಲ್ಲಿ ಬ್ಲೂ ಡಾಲರ್ ಅಂತ ಹೆಸರು. ಕಾನೂನಿನ ಪ್ರಕಾರ ಅಪರಾಧ. ಆದರೆ ಟಿವಿಯಲ್ಲಿ, ಪೇಪರಿನಲ್ಲಿ ದಿನಾ ಅದರ ರೇಟು ಬರುತ್ತಿತ್ತು. ನಮ್ಮಲ್ಲಿ ಚಿನ್ನ ಬೆಳ್ಳಿ ಧಾರಣೆ ಕೆಳಗೆ ಕಳ್ಳಬಟ್ಟಿ ಧಾರಣೆ ಹಾಕಿದ ಹಾಗೆ! ಜನ ಡಾಲರ್ ಕೊಳ್ಳಬಾರದು ಅಂತ ಸರ್ಕಾರ 2011ರಲ್ಲಿ ಬಿಗಿ ಮಾಡಿತು. 2015ರಲ್ಲಿ ಬಿಟ್ಟಿತು. 2019ರಲ್ಲಿ ಮತ್ತೆ ಬಿಗಿಯಿತು. ಈ ಕಟ್ಟುಪಾಡಿಗೆ ಜನ ಇಟ್ಟ ಹೆಸರು ಸೆಪೊ, ಅಂದರೆ ಕೋಳ. ಪೆಸೊ ಇಟ್ಟುಕೊಂಡರೆ ಕರಗುತ್ತದೆ, ಆ ವರ್ಷ ಬೆಲೆಗಳು ಏರಿದ್ದು ಶೇ. 94.8. ಬ್ಯಾಂಕು ಡಾಲರ್ ಕೊಡದಿದ್ದರೆ ಜನ ಬೀದಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಎರಡೇ ರೇಟಾದರೆ ಹೇಗೋ ನೆನಪಿಟ್ಟುಕೊಳ್ಳಬಹುದು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೇಟು. ಸೋಯಾ ಮಾರುವವರಿಗೆ ಸೋಯಾ ಡಾಲರ್. ಹೊರದೇಶದಲ್ಲಿ ಕಾರ್ಡಿನಿಂದ ತಿಂಗಳಿಗೆ 300 ಡಾಲರ್ ದಾಟಿ ಖರ್ಚು ಮಾಡಿದರೆ ಕತಾರ್ ಡಾಲರ್, ಯಾಕೆಂದರೆ ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ಇತ್ತು. ಹೊರಗಿನ ಹಾಡುಗಾರರನ್ನು ಕರೆಸಿದರೆ ಕೋಲ್ಡ್‌ಪ್ಲೇ ಡಾಲರ್. ಕೋಲ್ಡ್‌ಪ್ಲೇ ಅನ್ನುವ ಆ ಬ್ರಿಟಿಷ್ ಹಾಡುಗಾರರ ತಂಡ ನಾವಿದ್ದಾಗಲೇ ರಿವರ್ ಪ್ಲೇಟ್ ಮೈದಾನದಲ್ಲಿ ಹತ್ತು ದಿನ ಹಾಡುತ್ತಿತ್ತು. ಒಂದೇ ದೇವರಿಗೆ ಸಾವಿರ ಹೆಸರಿಟ್ಟವರು ನಾವು. ನಮಗೇ ತಲೆ ತಿರುಗಿತು.

ಮಾರನೇ ದಿನ ಫ್ಲೋರಿಡಾ ಬೀದಿಗೆ ಹೋದೆವು. ಗಾಡಿ ಓಡಾಡದ, ಬರೀ ನಡೆಯುವವರ ಬೀದಿ. ಹೆಜ್ಜೆಗೊಬ್ಬ ನಿಂತು "ಕಾಂಬಿಯೊ, ಕಾಂಬಿಯೊ, ಕಾಂಬಿಯೊ" ಅಂತ ಕೂಗುತ್ತಿದ್ದ, ಅಂದರೆ ದುಡ್ಡು ಬದಲಾಯಿಸಿಕೊಡ್ತೀವಿ ಅಂತ. ಮೆಜೆಸ್ಟಿಕ್‌ನಲ್ಲಿ "ತುಮ್ಕೂರ್ ತುಮ್ಕೂರ್ ತುಮ್ಕೂರ್" ಅನ್ನುವ ರಾಗವೇ. ಇವರನ್ನು ಅರ್ಬೊಲಿತೊ ಅನ್ನುತ್ತಾರೆ, ಪುಟ್ಟ ಮರ. ಹಸಿರು ನೋಟು ಹಿಡಿದು ಒಂದೇ ಕಡೆ ನೆಟ್ಟಗೆ ನಿಂತಿರುತ್ತಾರಲ್ಲ. ದೇಶದ ಸೆಂಟ್ರಲ್ ಬ್ಯಾಂಕು ಅಲ್ಲಿಂದ ಐದು ನಿಮಿಷದ ದಾರಿ. ಪೊಲೀಸರೊಬ್ಬರು ಪಕ್ಕದಲ್ಲೇ ನಿಂತು ಆಕಾಶ ನೋಡುತ್ತಿದ್ದರು. ಆಕಾಶದಲ್ಲಿ ಏನೂ ಇರಲಿಲ್ಲ.

ಒಂದು ಮರ ನಮ್ಮನ್ನು ಕ್ವೇವಾಗೆ ಕರೆದೊಯ್ದಿತು. ಕ್ವೇವಾ ಅಂದರೆ ಗುಹೆ. ಅಂಗಡಿ ಹಿಂದಿನ ಸಣ್ಣ ಕೋಣೆ, ಒಂದು ಕಿಂಡಿ, ಬರ್ ಅನ್ನುವ ಎಣಿಸುವ ಮಿಷನ್ನು. ಅಲ್ಲಿ ಶುರುವಾಯಿತು ನೋಡಿ ಹೆಣ್ಣು ನೋಡುವ ಶಾಸ್ತ್ರ. ಕಿಂಡಿಯ ಆಚೆಯವನು ನಮ್ಮ ನೂರರ ನೋಟುಗಳನ್ನು ಬೆಳಕಿಗೆ ಹಿಡಿದ. ಬೆರಳಿನಿಂದ ಸವರಿದ. ಒಂದರಲ್ಲಿ ಮಡಿಕೆ ಇತ್ತು, ಮುಖ ಸಿಂಡರಿಸಿದ. ಇನ್ನೊಂದರ ಮೂಲೆಯಲ್ಲಿ ಶಾಯಿ ಚುಕ್ಕೆ, ತಲೆ ಆಡಿಸಿದ. ಮೂರನೆಯದು ನಮ್ಮ ಚಿಕ್ಕಪ್ಪ 1990ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಉಳಿಸಿ, ಟ್ರಂಕಿನಲ್ಲಿಟ್ಟು, ಪ್ರೀತಿಯಿಂದ ಕೊಟ್ಟ ನೋಟು. ಅದನ್ನು ನೋಡಿದ್ದೇ ಅವನು ವಾಪಸ್ ತಳ್ಳಿ, "ಕಾರಾ ಚಿಕಾ" ಅಂದ. ಅಂದರೆ ಸಣ್ಣ ಮುಖ.

ಹಳೇ ನೂರರ ನೋಟಿನಲ್ಲಿ ಫ್ರಾಂಕ್ಲಿನ್ ಮುಖ ಸಣ್ಣದು. 1996ರಲ್ಲಿ ಮುಖ ದೊಡ್ಡದು ಮಾಡಿದರು. ಅಮೆರಿಕ ಎರಡನ್ನೂ ಒಂದೇ ನೂರು ಅನ್ನುತ್ತದೆ. ಈ ಗುಹೆಯಲ್ಲಿ ಮಾತ್ರ ಸಣ್ಣ ಮುಖಕ್ಕೆ ಬೆಲೆ ಕಮ್ಮಿ.

"ಮುಖ ಚಿಕ್ಕದಾದ್ರೆ ರೇಟೂ ಕಮ್ಮಿನಾ? ಇವನ ಮುಖ ನೋಡ್ರಿ, ಇವನಿಗೆಷ್ಟು ಕೊಡ್ತಾರಂತೆ?" ಅಂದಳು ನನ್ನ ಹೆಂಡತಿ. ಪುಣ್ಯಕ್ಕೆ ಕನ್ನಡದಲ್ಲಿ.

ಉಳಿದ 500 ಡಾಲರಿಗೆ 1,45,000 ಪೆಸೊ ಬಂತು. ಆಗಿದ್ದ ಅತಿ ದೊಡ್ಡ ನೋಟೇ 1000. ಅದೂ ಅವನ ಹತ್ತಿರ ಸಾಲದೆ ಐನೂರು, ಇನ್ನೂರರ ಕಟ್ಟು ಸೇರಿಸಿದ. ಅವಳ ಬ್ಯಾಗು, ನನ್ನ ನಾಲ್ಕು ಜೇಬು, ಕೊನೆಗೆ ಕಾಲುಚೀಲ. ನಡೆದರೆ ಸರಸರ ಸದ್ದು. ಮುಂದಿನ ಮೇ ತಿಂಗಳಲ್ಲಿ ಅವರು 2000ದ ನೋಟು ತಂದರು, ಅದೇ ತಿಂಗಳು ನಮ್ಮವರು 2000ದ ನೋಟು ವಾಪಸ್ ಪಡೆಯುತ್ತೇವೆ ಅಂದರು. ಸುಮ್ನೆ ಅದಲುಬದಲು ಮಾಡಿಕೊಳ್ಳಬಹುದಿತ್ತು, ಅಲ್ವಾ?

2025ರ ಏಪ್ರಿಲ್‌ನಲ್ಲಿ ಜನಸಾಮಾನ್ಯರ ಕಾಲಿನ ಕೋಳ ಬಿಚ್ಚಿದರು. ನಮ್ಮ ಬೀರುವಿನಲ್ಲಿ ಉಳಿದ ಪೆಸೊ ಹಾಗೇ ಇವೆ. 1000ದ ನೋಟಿನ ಮೇಲೆ ಒರ್ನೆರೊ ಅನ್ನುವ ಹಕ್ಕಿ, ಮಣ್ಣಿನ ಗೂಡು ಕಟ್ಟುತ್ತದಂತೆ. ಆಗ ಅದಕ್ಕೆ ಮೂರು ಡಾಲರಿಗಿಂತ ಜಾಸ್ತಿ ಹುಟ್ಟುತ್ತಿತ್ತು. ಈಗ ಒಂದೂ ಹುಟ್ಟುವುದಿಲ್ಲ. ಮಗಳು ಅಂಗಡಿ ಆಟಕ್ಕೆ ಇಟ್ಟುಕೊಂಡಿದ್ದಾಳೆ.

ಊರಿಗೆ ಹೋದಾಗ ಚಿಕ್ಕಪ್ಪನ ನೋಟು ವಾಪಸ್ ಕೊಟ್ಟೆ. "ಯಾಕೋ, ಖರ್ಚಾಗಲಿಲ್ವಾ?" ಅಂದರು.

"ಹುಡುಗಿ ಒಪ್ಪಿಗೆ ಆಗಲಿಲ್ಲ ಚಿಕ್ಕಪ್ಪ, ಮುಖ ಸಣ್ಣದಂತೆ" ಅಂದೆ.