ಸತ್ಯಾಂಶ: ಪೀನಟ್ ಬಟರ್ ಮೇಲೆ ತೇಲುವ ಎಣ್ಣೆ ಕಲಬೆರಕೆಯೇ?

‘ಪೀನಟ್ ಬಟರ್ ಮೇಲೆ ಎಣ್ಣೆ ತೇಲಿದರೆ ಕಲಬೆರಕೆ, ಮಕ್ಕಳಿಗೆ ಚಾಕೊಲೇಟ್ ಸ್ಪ್ರೆಡ್ಡೇ ಮೇಲು’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ಸುಳ್ಳು.

ತುಮಕೂರು ಜಿಲ್ಲೆಯ ಪಾವಗಡ, ಶಿರಾ ಕಡೆಯ ಕಡಲೆಕಾಯಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಪೀನಟ್ ಬಟರ್ ಮಾಡಲು ಆ ಬೀಜವನ್ನು ಹುರಿದು ನುಣ್ಣಗೆ ಅರೆದಾಗ ಎಣ್ಣೆ ಹೊರಬರುತ್ತದೆ. ಡಬ್ಬಿ ಕದಲದೆ ಕುಳಿತರೆ, ಹಗುರವಾದ್ದರಿಂದ ಮೇಲೇರುತ್ತದೆ. ಚಮಚದಿಂದ ಕಲಕಿದರೆ ಮುಗಿಯಿತು. ಎಣ್ಣೆ ಬಿಡದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಹೈಡ್ರೋಜನೀಕರಿಸಿದ (ಹೈಡ್ರೋಜನ್ ಸೇರಿಸಿ ಗಟ್ಟಿಯಾಗಿಸಿದ) ಎಣ್ಣೆಯಂತಹ ಸ್ಥಿರಕಾರಕ, ಅಂದರೆ ಎಣ್ಣೆ ಬೇರ್ಪಡದಂತೆ ತಡೆಯುವ ಪದಾರ್ಥ, ಸೇರಿರುತ್ತದೆ. ಕಮಟು ವಾಸನೆ ಬಂದರೆ ಅಥವಾ ಬೂಸ್ಟು ಕಂಡರೆ ಎಸೆಯಿರಿ, ಎಣ್ಣೆ ಕಂಡು ಅಲ್ಲ.

ಇನ್ನು ಚಾಕೊಲೇಟ್ ಸ್ಪ್ರೆಡ್. ಲೇಬಲ್ಲಿನಲ್ಲಿ ಹೆಚ್ಚು ತೂಕದ ಪದಾರ್ಥವೇ ಮೊದಲು ಬರುತ್ತದೆ. ಅನೇಕ ಸ್ಪ್ರೆಡ್‌ಗಳಲ್ಲಿ ಆ ಮೊದಲ ಹೆಸರು ಸಕ್ಕರೆ. ರುಚಿಗೆ ನನ್ನ ತಕರಾರಿಲ್ಲ, ಆದರೆ ಅದು ಮಿಠಾಯಿಯ ಸಾಲಿಗೆ ಸೇರಿದ್ದು.