ದಾರದಲ್ಲಿ ಜಿಪುಣತನ ಮಾಡಿ

ಮೀನು ಹಿಡಿಯಲು ಗಾಳಕ್ಕೆ ದಾರ ಸುತ್ತಿ ಮಾಡುವ ನಕಲಿ ನೊರಜು ‘ಜೀಬ್ರಾ ಮಿಜ್’ ಬಗ್ಗೆ ನಿಮ್ಮ ಬರಹ ಓದಿದೆ. ಅದನ್ನು ಕಟ್ಟಲು 18ನೇ ನಂಬರಿನ ಗಾಳದಿಂದ ಶುರು ಮಾಡಿ ಎಂದಿದ್ದೀರಿ, ಸರಿಯಾದ ಮಾತು. ನಂಬರ್ ಜಾಸ್ತಿಯಾದರೆ ಗಾಳ ದೊಡ್ಡದು ಅಂದುಕೊಂಡು ನಾನು ಮೊದಲೇ 24 ತರಿಸಿದ್ದೆ. ನೋಡಿದರೆ ಅಕ್ಕಿಕಾಳಿಗಿಂತ ಚಿಕ್ಕದು! ಒಂದು ವಾರ ಸುಮ್ನೆ ಡಬ್ಬಿಯಲ್ಲೇ ಇತ್ತು.

ದಾರದಲ್ಲಿ ಮಾತ್ರ ಜಿಪುಣತನ ಇರಲಿ. ನೀರಿನಲ್ಲಿರುವ ನೊರಜಿನ ಮರಿ ಸಣಕಲು ಕಡ್ಡಿಯಂತಿರುತ್ತದೆ, ದಾರ ಜಾಸ್ತಿಯಾದರೆ ನಾವು ಕಟ್ಟಿದ್ದು ಕಡಲೆಕಾಯಿಯಂತೆ ಉಬ್ಬಿರುತ್ತದೆ. ಆಗಾಗ ಬಾಬಿನ್ (ದಾರದ ಉರುಳೆ ಹಿಡಿಯುವ ಸಾಧನ) ತಿರುಗಿಸಿ ದಾರದ ಹುರಿ ಬಿಚ್ಚಿದರೆ ಅದು ಚಪ್ಪಟೆಯಾಗಿ ಕೂರುತ್ತದೆ. ಮೇಲೆ ಬೆಳ್ಳಿ ಬಣ್ಣದ ತೆಳು ತಂತಿ ಐದಾರು ಸುತ್ತು ಸಾಕು.

ಅಂದ ಹಾಗೆ, ನೊರಜಿನ ತಲೆಯಾಗಿ ಕೂರುವ ಮಣಿ ಪೋಣಿಸುವಾಗ ಸಣ್ಣ ತೂತಿನ ಕಡೆಯಿಂದ ಗಾಳದ ಮೊನೆ ತೂರಿಸಬೇಕು ಅನ್ನುವುದನ್ನು ನೀವು ಬರೆದಿಲ್ಲ. ಹೊಸಬರು ಎಡವುವುದು ಅಲ್ಲೇ ಅಲ್ವಾ?